ಗೋಡೆಗೆ ಅಂಟಿಸಿದ ಮೂರು ಗಾಜು

ಆಷಾಢ ಬಂತೆಂದರೆ ಮುಳಬಾಗಿಲಿನ ಛತ್ರದವರು ನೊಣ ಹೊಡೆಯುತ್ತಾ ಕೂರುತ್ತಾರೆ, ಓಲಗದವರು ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತಾರೆ, ಸೀತಾರಾಮಯ್ಯನವರಿಗೆ ಮಾತ್ರ ಕಾಫಿ ಕುಡಿಯಲೂ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಮನೆಗೆ ಅಡ್ವಾನ್ಸ್ ಕೊಡಬಾರದು, ಅಗ್ರಿಮೆಂಟು ಮಾಡಬಾರದು, ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಂತೂ ದೂರದ ಮಾತು. ಆದರೆ ಮನೆ ನೋಡಬಾರದು ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಹೀಗಾಗಿ ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಹಳೇ ಮನೆ ಕೊಳ್ಳುವ ಮನಸ್ಸಿರುವವರೆಲ್ಲ ಈ ಒಂದು ತಿಂಗಳು ಸೀತಾರಾಮಯ್ಯನವರನ್ನು ಕರೆದುಕೊಂಡು ಹೋಗಿ ಗೋಡೆ ತಟ್ಟಿಸುತ್ತಾರೆ.

ಸರ್ಕಾರಿ ಕಟ್ಟಡಗಳ ಉಸ್ತುವಾರಿಯಲ್ಲಿ ಮೂವತ್ತಮೂರು ವರ್ಷ ಕಳೆದು ನಿವೃತ್ತರಾದವರು ಅವರು. ಬೀಳ್ಕೊಡುಗೆಯ ಶಾಲು ಇನ್ನೂ ಹೆಗಲ ಮೇಲಿದ್ದಾಗಲೇ ಆ ಸಭಾಂಗಣದ ಸೂರಿನಲ್ಲಿ ಒಂದು ಬಿರುಕು ಕಂಡು, ಭಾಷಣ ಮಾಡುತ್ತಿದ್ದ ಮೇಲಧಿಕಾರಿಯನ್ನು ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದವರು. ಆವತ್ತಿನಿಂದ ಊರಲ್ಲಿ ಅವರಿಗೆ ಬಿರುಕು ಸೀತಾರಾಮಯ್ಯ ಎಂದೇ ಹೆಸರು. ಸ್ಕೂಟರಿನ ಮುಂದೆ ಒಂದು ಖಾಕಿ ಚೀಲ. ಅದರೊಳಗೆ ಸಣ್ಣ ಸುತ್ತಿಗೆ, ತೂಗುಗುಂಡು, ಟೇಪು, ಟಾರ್ಚು, ಮತ್ತು ಒಂದು ಗೋಲಿ. ಗೋಲಿಯನ್ನು ನೆಲದ ಮೇಲೆ ಬಿಟ್ಟು, ಅದು ಉರುಳಿಕೊಂಡು ಹೋದ ಮೂಲೆಯನ್ನು ಹೆಣ್ಣು ಕೊಟ್ಟ ಮಾವನ ಹಾಗೆ ದಿಟ್ಟಿಸಿ ನೋಡುತ್ತಾರೆ.

ನೋಡಿದ ಮೇಲೆ ವರದಿ. ಕೈಬರಹ, ಹದಿನಾಲ್ಕು ಪುಟಕ್ಕೆ ಕಡಿಮೆ ಇಲ್ಲ. ಪುಟದ ನಡುವೆ ಒಂದು ಗೆರೆ. ಎಡಗಡೆ ದೋಷ, ಬಲಗಡೆ ಪರಿಹಾರ. ಯಲ್ದೂರಿನ ಮಾವಿನಕಾಯಿ ಮಂಡಿಯವರೊಬ್ಬರು ಆ ವರದಿ ಓದುತ್ತಾ ಓದುತ್ತಾ ಮನೆಯಿಂದ ಎದ್ದು ಅಂಗಳಕ್ಕೆ ಬಂದು ಕೂತಿದ್ದರಂತೆ. ಆದರೂ ಬಲಗಡೆ ಬರೆದದ್ದನ್ನೆಲ್ಲ ಮಾಡಿಸಿ ಅದೇ ಮನೆಯನ್ನು ಕೊಂಡು ಈಗ ಸುಖವಾಗಿದ್ದಾರೆ. ಮಾರುವವರಿಗೆ, ದಲ್ಲಾಳಿಗಳಿಗೆ ಮಾತ್ರ ಸೀತಾರಾಮಯ್ಯ ಅಂದರೆ ಆಗದು.

"ಸಾರ್, ನೀವು ಹೆಣ್ಣು ನೋಡೋಕೆ ಹೋಗಿ ಎಕ್ಸ್‌ರೇ ತೆಗೆಸೋ ಪೈಕಿ," ಎಂದು ದಲ್ಲಾಳಿ ವೆಂಕಟ್ ಒಮ್ಮೆ ಹೋಟೆಲಿನಲ್ಲಿ ನಾಲ್ಕು ಜನರ ಎದುರಿಗೇ ಅಂದಿದ್ದ.

"ಹೆಣ್ಣು ತಲೆ ಮೇಲೆ ಬಿದ್ದರೆ ಬದುಕಬಹುದು ಕಣಯ್ಯಾ. ಚಪ್ಪಡಿ ಬಿದ್ದರೆ ಆಗಲ್ಲ," ಎಂದು ಇವರು ಇಡ್ಲಿ ಮುರಿದರು.

ಇಷ್ಟೆಲ್ಲ ಜನಕ್ಕೆ ಮನೆ ನೋಡಿ ಕೊಟ್ಟವರಿಗೆ ಸ್ವಂತ ಮನೆ ಇರಲಿಲ್ಲ. ಹೆಸರು ಸೀತಾರಾಮ, ಹೆಂಡತಿ ಜಾನಕಮ್ಮ. ಪುರಾಣದ ಜೋಡಿಗೆ ಹದಿನಾಲ್ಕೇ ವರ್ಷ. ಈ ಜೋಡಿಯ ಬಾಡಿಗೆವಾಸ ಮೂವತ್ತೊಂದನೇ ವರ್ಷಕ್ಕೆ ಬಿದ್ದಿತ್ತು. ಇಷ್ಟರಲ್ಲಿ ಐದು ಮನೆ ನೋಡಿದ್ದರು. ಒಂದರ ಪಾಯದಲ್ಲಿ ಗೆದ್ದಲು. ಇನ್ನೊಂದರ ಸಂಪು ಅಡುಗೆಮನೆಯ ಕೆಳಗೇ ಇತ್ತು. ಮೂರನೆಯದನ್ನೂ ನಾಲ್ಕನೆಯದನ್ನೂ ಬೇಡ ಅಂದದ್ದು ಯಾಕೆಂದು ಈಗ ಅವರಿಗೇ ನೆನಪಿಲ್ಲ. ಪೇಟೆಬೀದಿಯ ಮನೆಯ ಮೂಡಣ ಗೋಡೆ ಮುಕ್ಕಾಲು ಇಂಚು ವಾಲಿದೆ, ಎರಡು ಮಳೆಗಾಲ ಕಂಡರೆ ಹೆಚ್ಚು ಎಂದು ಬಿಟ್ಟುಬಂದರು. ಅದಾಗಿ ಇಪ್ಪತ್ತಾರು ವರ್ಷ. ಆ ಮನೆಯ ಮೇಲೆ ಈಗ ಎರಡು ಮಹಡಿ ಎದ್ದಿವೆ, ಕೆಳಗೆ ಬೇಕರಿ ಇದೆ, ಗೋಡೆ ಇವತ್ತಿಗೂ ಅದೇ ಮುಕ್ಕಾಲು ಇಂಚು ವಾಲಿಕೊಂಡು ನಿಂತಿದೆ. ಜಾನಕಮ್ಮ ವಾರಕ್ಕೊಮ್ಮೆ ಅಲ್ಲಿಂದ ಬ್ರೆಡ್ಡು ತರುತ್ತಾರೆ. ತಂದು ಮೇಜಿನ ಮೇಲಿಟ್ಟು, "ಬ್ರೆಡ್ಡು ಚೆನ್ನಾಗಿ ಮಾಡ್ತಾನೆ," ಅನ್ನುತ್ತಾರೆ. ಸೀತಾರಾಮಯ್ಯನವರು ಆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ, ತಲೆಯೆತ್ತದೆ ತಿಂದು ಮುಗಿಸುತ್ತಾರೆ.

ಬಾಡಿಗೆ ಮನೆಯ ಓನರು ಒಳ್ಳೆಯವರು. ಗೋಡೆಗೆ ಮೊಳೆ ಹೊಡೆಯಬಾರದು ಅನ್ನುವುದೊಂದೇ ಅವರ ಶರತ್ತು. ಮದುವೆಯ ಫೋಟೋ ಈ ಮನೆಗೆ ಬಂದಾಗಿನಿಂದ ಬೀರುವಿಗೆ ಒರಗಿಕೊಂಡೇ ಇದೆ, ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತುಬಿದ್ದಿದೆ.

ಈ ವರ್ಷ ಆಷಾಢ ಹುಟ್ಟುವ ಎರಡು ದಿನ ಮೊದಲು ಜಾನಕಮ್ಮ ದೇವರಾಯಸಮುದ್ರಕ್ಕೆ ಒಂದು ಸತ್ಯನಾರಾಯಣ ಪೂಜೆಗೆ ಹೋಗಿ ಬಂದರು. ಪ್ರಸಾದದ ಪೊಟ್ಟಣವನ್ನು ಗಂಡನ ಕೈಗಿಟ್ಟು, ಎದುರಿಗೆ ಕೂತರು.

"ಏನೂಂದ್ರೆ, ಅಲ್ಲೊಂದು ಮನೆ ಮಾರಾಟಕ್ಕಿದೆ. ಅಶ್ವತ್ಥಪ್ಪ ಅಂತ, ರೇಷ್ಮೆ ಬೆಳೆಯೋರು. ತೋಟದ ಹತ್ತಿರ ಹೊಸ ಮನೆ ಕಟ್ಟಿಕೊಂಡಿದಾರೆ, ಹುಳ ಸಾಕೋಕೆ ಅಲ್ಲೇ ಅನುಕೂಲವಂತೆ. ಕಲ್ಲು ಚಪ್ಪಡಿ ಮನೆ. ಹಿತ್ತಲಿದೆ, ಹೊಂಗೆ ಮರ ಇದೆ. ಅಡುಗೆಮನೆ ಹಿಂದೇನೇ ಕೆರೆ ಏರಿ."

"ನೋಡೋಣ."

"ನಮಗೆ ಅಂತ ನೋಡಬೇಡಿ. ಬೇರೆ ಗಿರಾಕಿಗೆ ನೋಡೋ ಹಾಗೆ ನೋಡಿ."

"ಎರಡಕ್ಕೂ ಏನೇ ವ್ಯತ್ಯಾಸ? ಗೋಡೆ ಒಂದೇ ತಾನೆ?"

"ಗೋಡೆ ಒಂದೇ. ನೋಡೋರು ಬೇರೆ. ಗಿರಾಕಿಗಾದರೆ ಎಡಗಡೆ ಕಾಯಿಲೆ, ಬಲಗಡೆ ಔಷಧಿ ಬರೀತೀರಿ. ನನಗೆ ಇಷ್ಟು ವರ್ಷ ಬರೀ ಕಾಯಿಲೆ ಓದಿ ಹೇಳಿದೀರಿ." ಅಷ್ಟು ಹೇಳಿ, ಸೊಪ್ಪು ಬಿಡಿಸುವುದಿದೆ ಎಂದು ಜಾನಕಮ್ಮ ಎದ್ದು ಹೋದರು. ಸಜ್ಜಿಗೆಯ ಪ್ರಸಾದ ಸೀತಾರಾಮಯ್ಯನವರ ಅಂಗೈಯಲ್ಲೇ ಉಳಿಯಿತು.

ಆಷಾಢದ ಮೊದಲ ವಾರ ಅವರು ದೇವರಾಯಸಮುದ್ರಕ್ಕೆ ಹೋದರು. ಅಶ್ವತ್ಥಪ್ಪ ಏಣಿ ತಂದು ಒರಗಿಸಿದ. ಅವನ ತಾಯಿ ಮುನಿಶಾಮಮ್ಮ ಜಗಲಿಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿಕೊಂಡು, ಬೊಂಬೆಯಾಟ ನೋಡುವವರ ಹಾಗೆ ಕೂತರು. ಸೀತಾರಾಮಯ್ಯನವರು ಒಂದೊಂದೇ ಚಪ್ಪಡಿಯನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಒಳಗೆ ಸೀಳಿದ ಕಲ್ಲು ಮಂಕಾಗಿ ಡಬ್ ಅನ್ನುತ್ತದೆ. ಇಲ್ಲಿ ಹತ್ತೊಂಬತ್ತು ಚಪ್ಪಡಿಯೂ ದೇವಸ್ಥಾನದ ಗಂಟೆಯ ಹಾಗೆ ಠಣ್ ಎಂದವು. ಗೋಡೆಗೆ ಕಿವಿಯಿಟ್ಟು ತಟ್ಟುತ್ತಿದ್ದಾಗ ಮುನಿಶಾಮಮ್ಮ ತಮ್ಮ ತೆಲುಗುಗನ್ನಡದಲ್ಲಿ ಕೇಳಿದರು.

"ಏಂ ಸಾಮೀ, ಗೋಡೆ ಏಮಿ ಚೆಪ್ತಾ ಉಂದಿ? ಏನಂತೈತೆ?"

"ಇನ್ನೂ ಬಾಯಿ ಬಿಟ್ಟಿಲ್ಲ ಕಣಮ್ಮಾ."

"ನನ್ನ ಸೊಸೆ ತರಾ ಐತೆ ಬುಡು."

ಅಡುಗೆಮನೆಯಲ್ಲಿ ಅದು ಬಾಯಿ ಬಿಟ್ಟಿತ್ತು. ಕಿಟಕಿಯ ಮೇಲಿನ ಮೂಲೆಯಿಂದ ಹೊರಟು ಗೋಡೆಯನ್ನು ಓರೆಯಾಗಿ ಸೀಳಿಕೊಂಡು ಬುಡದ ಕಡೆಗೆ ಇಳಿದಿದ್ದ ಒಂದು ಬಿರುಕು. ಸೀತಾರಾಮಯ್ಯನವರು ಅದರ ಮುಂದೆ ಕಾಲು ಗಂಟೆ ನಿಂತರು. ಬಿರುಕಿಗೆ ಎರಡು ಕಾರಣ ಇರಬಹುದು. ಎಂಟು ವರ್ಷದ ಹಿಂದೆ ಗ್ಯಾಸ್ ಕಟ್ಟೆ ಕಟ್ಟುವಾಗ ಅಶ್ವತ್ಥಪ್ಪನ ಮೇಸ್ತ್ರಿ ಕಿಟಕಿಯನ್ನು ಪಕ್ಕಕ್ಕೆ ಸರಿಸುತ್ತೇನೆಂದು ಮೇಲಿದ್ದ ಮರದ ತೊಲೆಯನ್ನು ಕಿತ್ತು, ಬದಲಿಗೆ ಏನನ್ನೂ ಇಡದೆ ಗಾರೆ ಮೆತ್ತಿ ಹೋಗಿದ್ದ. ಅದರಿಂದ ಬಂದ ಬಿರುಕಾದರೆ ಬಂದಷ್ಟು ಬಂದು ನಿಂತಿರುತ್ತದೆ. ತೊಲೆಯ ಜಾಗಕ್ಕೆ ಹೊಸ ಲಿಂಟಲ್ಲು ಕೊಟ್ಟರೆ ಮುಗಿಯಿತು. ಇನ್ನೊಂದು ಕಾರಣ ಹಿಂದಿನ ಕೆರೆ. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ಈಚೆಗೆ ಮತ್ತೆ ನೀರು ಬಂದಿತ್ತು, ಗೋಡೆ ಮೊಣಕಾಲೆತ್ತರ ತೇವ ಹೀರಿತ್ತು. ಆ ನೀರಿಗೆ ಪಾಯವೇ ಕುಸಿಯುತ್ತಿದ್ದರೆ ಬಿರುಕು ದಿನದಿನಕ್ಕೂ ಬೆಳೆಯುತ್ತದೆ, ಆಗ ಮನೆಯ ಸಹವಾಸವೇ ಬೇಡ.

"ಈ ಬಿರುಕು ಜೀವಂತ ಇದೆಯೋ ಸತ್ತಿದೆಯೋ ಗೊತ್ತಾಗಬೇಕು," ಎಂದು ಅವರು ಚೀಲದಿಂದ ಮೂರು ತೆಳು ಗಾಜಿನ ಪಟ್ಟಿ ತೆಗೆದರು. ಫೋಟೋ ಕಟ್ಟು ಹಾಕುವ ಅಂಗಡಿಯಲ್ಲಿ ಕೊಯ್ಸಿ ತಂದಿದ್ದವು. ಬಿರುಕಿನ ಅಡ್ಡಕ್ಕೆ ಮೇಲೊಂದು, ನಡುವೆ ಒಂದು, ಕೆಳಗೊಂದು ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಗೋಡೆಗೆ ಕಚ್ಚಿಸಿದರು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ತಾಳುವುದಿಲ್ಲ, ಸೀಳುತ್ತದೆ. ಪ್ರತಿಯೊಂದರ ಮೇಲೂ ತಾರೀಕು, ಸಹಿ.

"ನ್ಯಾಯವಾಗಿ ಇದನ್ನ ಒಂದು ವರ್ಷ ಬಿಡಬೇಕು," ಅಂದರು.

ಅಶ್ವತ್ಥಪ್ಪ ತಲೆ ಕೆರೆದುಕೊಂಡ. "ವರ್ಷ ಎಲ್ಲಿ ಸಾರ್? ಮಾಲೂರಿನ ಪಾರ್ಟಿ ಶ್ರಾವಣ ಹುಟ್ಟಿದ ದಿನವೇ ಅಡ್ವಾನ್ಸ್ ತರ್ತೀವಿ ಅಂದವ್ರೆ. ಅವರು ಮನೆ ಕೆಡವಿ ಗೋಡೌನ್ ಕಟ್ತಾರಂತೆ, ಅವರಿಗೆ ಬಿರುಕು ಇದ್ದರೆಷ್ಟು ಬಿಟ್ಟರೆಷ್ಟು. ನಮ್ಮವ್ವಂಗೆ ಇದನ್ನ ಕೆಡವೋದು ಇಷ್ಟ ಇಲ್ಲ. ಅಮ್ಮಾವ್ರು ಬಂದು ಅಡುಗೆಮನೇಲಿ ನಿಂತ್ಕೊಂಡಿದ್ದು ನೋಡಿ, ಇವರಿಗೇ ಕೊಡು ಅಂತಾಳೆ. ಭೀಮನ ಅಮಾವಾಸ್ಯೆ ಒಳಗೆ ಹೂಂ ಅಥವಾ ಊಹೂಂ ಅಂದ್ಬಿಡಿ ಸಾರ್."

"ಅಲ್ಲೀತನಕ ಇದನ್ನ ಯಾರೂ ಮುಟ್ಟಬಾರದು. ಬಹಳ ಜೋಪಾನ. ಇದರ ಮೇಲೇ ಎಲ್ಲಾ ನಿಂತಿದೆ," ಎಂದು ಸೀತಾರಾಮಯ್ಯನವರು ಗಂಭೀರವಾಗಿ ಹೇಳಿದರು. ಮುನಿಶಾಮಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿ, ಗಾಜಿನ ಮೇಲಿನ ಅಕ್ಷರಗಳನ್ನೂ ಅದನ್ನು ಬರೆದವರ ಮುಖವನ್ನೂ ಬಹಳ ಹೊತ್ತು ನೋಡಿದರು.

ಆ ತಿಂಗಳು ಸೀತಾರಾಮಯ್ಯನವರು ಇನ್ನೂ ಏಳು ಮನೆ ನೋಡಿದರು. ಏಳಕ್ಕೂ ಎಡ ಬಲ ಎರಡೂ ತುಂಬಿಸಿದರು. ಜಾನಕಮ್ಮ ಗಾಜಿನ ಸುದ್ದಿ ಎತ್ತಲಿಲ್ಲ. ಒಂದು ದಿನ ಆಷಾಢದ ಗಾಳಿ ಜೋರಾಗಿ ಬೀಸಿದಾಗ ಕಿಟಕಿ ಮುಚ್ಚುತ್ತಾ, "ಕೆರೆ ಏರಿ ಮೇಲೆ ಇನ್ನೂ ಜೋರಿರುತ್ತೆ ಅಲ್ವಾ?" ಅಂದರು, ಅಷ್ಟೇ.

ಮಳೆಯಿಂದ ಕೆಲಸ ತಪ್ಪಿದ ಒಂದು ಮಧ್ಯಾಹ್ನ ಸೀತಾರಾಮಯ್ಯನವರು ಟ್ರಂಕು ತೆಗೆದು, ತಮಗೆಂದು ನೋಡಿದ್ದ ಐದು ಮನೆಗಳ ಹಳೇ ವರದಿಗಳನ್ನು ಹುಡುಕಿದರು. ಐದರಲ್ಲೂ ಎಡಗಡೆ ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಬರೆದಿತ್ತು. ಬಲಗಡೆ ಒಂದಕ್ಷರ ಇರಲಿಲ್ಲ. ಪೇಟೆಬೀದಿಯ ವಾಲಿದ ಗೋಡೆಗೆ ಹೊರಗಿನಿಂದ ಒತ್ತಿ ಹಿಡಿಯುವ ಒಂದು ಆನಿಕೆಗೋಡೆ ಕೊಟ್ಟಿದ್ದರೆ ಸಾಕಿತ್ತು. ಬೇರೆ ಯಾರಾದರೂ ಕೇಳಿದ್ದರೆ ನಿದ್ದೆಗಣ್ಣಲ್ಲೂ ಬರೆದುಕೊಡುತ್ತಿದ್ದರು.

ಯಾಕೆ ಬರೆಯಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಮೊದಲ ವರ್ಷ ಕೋಲಾರದ ಒಂದು ಬಾಡಿಗೆ ಕೋಣೆಯಲ್ಲಿ, ಬೆಳಗಿನ ಹೊತ್ತು, ಸೂರಿನ ಗಾರೆ ದೊಡ್ಡ ಚಕ್ಕೆಯಾಗಿ ಕಳಚಿ ಮಂಚದ ಮೇಲೆ ಬಿದ್ದಿತ್ತು. ಜಾನಕಮ್ಮ ಕಾಫಿಗೆಂದು ಎದ್ದು ಹೋಗಿ ಐದು ನಿಮಿಷ ಆಗಿತ್ತು. ಗಾರೆ ಬಿದ್ದಿದ್ದು ಅವರ ದಿಂಬಿನ ಮೇಲೆ. ಆವತ್ತು ಅವರು ಓಡಿ ಬಂದು, "ಅಯ್ಯೋ, ಹೊಸಾ ಚಾದರ!" ಅಂದಿದ್ದರು. ಅವರಿಗೆ ಅದು ಚಾದರ ಹಾಳಾದ ದಿನ. ಸೀತಾರಾಮಯ್ಯನವರು ಮಾತ್ರ ಆ ದಿಂಬನ್ನು ಮರೆತಿರಲಿಲ್ಲ. ಗಿರಾಕಿಯ ಮನೆಯಲ್ಲಿ ಬಿರುಕು ಕಂಡರೆ ಅವರಿಗೆ ಸಿಮೆಂಟು, ಕಲ್ಲು, ಲಿಂಟಲ್ಲು ಹೊಳೆಯುತ್ತಿತ್ತು. ತಮ್ಮ ಮನೆಯೆಂದು ನೋಡಲು ಹೋದ ಕಡೆ ಬಿರುಕು ಕಂಡರೆ ದಿಂಬು.

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಜಾನಕಮ್ಮ ಎಂದಿನಂತೆ ಗಂಡನನ್ನು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಮೂವತ್ತೊಂದು ವರ್ಷ ಬಾಡಿಗೆ ಮನೆಯಲ್ಲಿಟ್ಟ ಗಂಡನ ಪಾದಕ್ಕೆ ಹೂವೇರಿಸುವ ಹೆಂಗಸಿನ ಎದುರು ನೆಟ್ಟಗೆ ಕೂರುವುದು ಸುಲಭವಲ್ಲ. ಸೀತಾರಾಮಯ್ಯನವರು ಸೂರು ನೋಡುತ್ತಾ ಕೂತರು. ಆಮೇಲೆ ಅದೇ ಅರಿಸಿನದ ಕಾಲಿಗೆ ಚಪ್ಪಲಿ ಮೆಟ್ಟಿ ಸ್ಕೂಟರ್ ಹೊರಡಿಸಿದರು. ಹಿಂದೆ ಜಾನಕಮ್ಮ.

ಅಡುಗೆಮನೆಗೆ ಮೊದಲು ಹೋದವರು ಜಾನಕಮ್ಮ. ಹೋದವರು ಅಲ್ಲೇ ನಿಂತರು.

ನಡುವಿನ ಗಾಜು ಸೀಳಿತ್ತು. ಆ ತುದಿಯಿಂದ ಈ ತುದಿಗೆ, ಎರಡು ಹೋಳು.

ಸೀತಾರಾಮಯ್ಯನವರು ಹೆಂಡತಿಯ ಮುಖ ನೋಡಲಾರದೆ ಚೀಲದಿಂದ ಪುಸ್ತಕ ತೆಗೆದರು. ಜಾನಕಮ್ಮ ಗ್ಯಾಸ್ ಕಟ್ಟೆಯನ್ನು ಸೆರಗಿನಿಂದ ಒಮ್ಮೆ ಒರೆಸಿದರು. ಯಾರದೋ ಮನೆಯ ಕಟ್ಟೆ ಒರೆಸುತ್ತಿದ್ದೇನೆಂದು ಅವರಿಗೇ ಗೊತ್ತಾಯಿತೇನೋ, ಕೈ ಹಿಂದಕ್ಕೆ ತಗೊಂಡರು. "ಸರಿ ಬಿಡಿ. ನೋಡಿದ್ದಾಯ್ತಲ್ಲ, ಬರೆದುಕೊಳ್ಳಿ. ನಾನು ಹೊರಗಿರ್ತೀನಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೀತಾರಾಮಯ್ಯನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವರು ಎಡಗಡೆ ಬರೆಯತೊಡಗಿದರು. 'ನಡುವಿನ ಗಾಜು ಒಡೆದಿದೆ.' ಅಷ್ಟಕ್ಕೆ ಪೆನ್ನು ನಿಂತಿತು. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಗಾಜಿನ ಕೆಳಗೆ ಗೋಡೆಯ ಮೇಲೆ ಕಪ್ಪು ಮಸಿ. ಗಾಜಿನ ಎರಡೂ ಬದಿಗೆ ಕುಂಕುಮ. ಅವರ ಸಹಿಯ ಮೇಲೆ ಅರಿಸಿನದ ಬೊಟ್ಟು, ಒಂದು ಬಾಡಿದ ದಾಸವಾಳ.

"ಮುನಿಶಾಮಮ್ಮಾ!" ಎಂದು ಕೂಗಿದರು. "ಇಲ್ಲಿ ಯಾರು ದೀಪ ಹಚ್ಚಿದ್ದು?"

ಮುನಿಶಾಮಮ್ಮ ನಗುನಗುತ್ತಾ ಬಂದರು. "ಇನ್ಯಾರು ಸಾಮೀ, ನಾನೇ. ಜೋಪಾನ ಅಂದ್ರಲ್ಲ. ಇದರ ಮೇಲೇ ಎಲ್ಲಾ ನಿಂತೈತೆ ಅಂದ್ರಲ್ಲ. ಬ್ರಾಮಣರು ಬರೆದು ಅಂಟಿಸಿದ ಯಂತ್ರಾನ ಹಂಗೇ ಬುಡಕ್ಕಾಯ್ತದಾ? ಶುಕ್ರವಾರ ಶುಕ್ರವಾರ ಅದರ ಬುಡದಾಗೆ ಕರ್ಪೂರ ಹಚ್ಚಿದೀನಿ."

"ಮೂರಕ್ಕೂ ಹಚ್ಚಿದ್ರಾ?"

"ಮೇಲಿಂದು ನನಗೆ ಎಟುಕಲ್ಲ. ಕೆಳಗಿಂದು ರಾಗಿ ಡ್ರಮ್ಮಿನ ಹಿಂದೈತೆ, ಸೊಂಟ ಬಗ್ಗಲ್ಲ. ನಡುಗಡೇದಕ್ಕೆ ಮಾತ್ರ."

"ಒಡೆದಿದ್ದು ಯಾವಾಗ?"

"ಹೋದ ಶುಕ್ರವಾರ. ಕರ್ಪೂರ ಚೆಂದಾಗಿ ಉರೀತಿತ್ತು. ತೀರ್ಥ ಚಿಮುಕಿಸ್ದೆ. ಟಪ್ ಅಂತು ಸಾಮೀ! ದೇವರು ಅಪ್ಪಣೆ ಕೊಟ್ಟ ಅಂದ್ಕೊಂಡೆ. ಅಡ್ಡಬಿದ್ದೆ."

ಅಶ್ವತ್ಥಪ್ಪ ಹಣೆ ಚಚ್ಚಿಕೊಂಡ. "ಲೇ ಅವ್ವಾ! ಕಾದ ಗಾಜಿಗೆ ತಣ್ಣೀರು ಹಾಕೀಯಾ!"

"ತಣ್ಣೀರಲ್ಲ ಕಣ್ಲಾ, ತೀರ್ಥ!"

ಜಾನಕಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು. ಸೀತಾರಾಮಯ್ಯನವರು ಏಣಿ ಹತ್ತಿ ಮೇಲಿನ ಗಾಜು ನೋಡಿದರು. ಒಂದು ಗೀರೂ ಇಲ್ಲ. ರಾಗಿ ಡ್ರಮ್ಮನ್ನು ಅಶ್ವತ್ಥಪ್ಪನ ಜೊತೆ ಸರಿಸಿ, ನೆಲದ ಮೇಲೆ ಅಂಗಾತ ಮಲಗಿ, ಟಾರ್ಚು ಬಿಟ್ಟು ಕೆಳಗಿನದನ್ನು ನೋಡಿದರು. ಅದೂ ಹಾಕಿದ ಹಾಗೇ ಇತ್ತು. ಪಾಯ ಕುಸಿಯುತ್ತಿದ್ದರೆ ಮೊದಲು ಸೀಳಬೇಕಾದದ್ದೇ ಅದು.

ಆದರೂ ಅವರ ತಪಾಸಣೆಯ ಶಿಸ್ತು ಸುಮ್ಮನಿರಲಿಲ್ಲ. ನಡುವಿನ ಗಾಜು ಕರ್ಪೂರಕ್ಕೇ ಒಡೆಯಿತೆಂದು ಯಾರು ಆಣೆಯಿಟ್ಟು ಹೇಳುತ್ತಾರೆ? ಒಂದು ಸಾಕ್ಷಿ ಕೆಟ್ಟರೆ ಹೊಸ ಗಾಜು ಅಂಟಿಸಬೇಕು, ಮತ್ತೆ ತಿಂಗಳು ಕಾಯಬೇಕು. ಇನ್ನೊಬ್ಬರಿಗಾಗಿದ್ದರೆ ಏನು ಬರೆಯುತ್ತಿದ್ದೆ? ಮಲಗಿದಲ್ಲೇ ಯೋಚಿಸಿದರು. ಎರಡು ಗಾಜು ಭದ್ರ, ಚಪ್ಪಡಿ ಭದ್ರ, ಗೋಡೆ ತೂಗುಗುಂಡಿಗೆ ನೇರ, ಬಿರುಕಿಗೆ ಕಾರಣ ಕಣ್ಣೆದುರಿಗಿದೆ. ರಿಪೇರಿ ಮಾಡಿಸಿ, ಧೈರ್ಯವಾಗಿ ಕೊಳ್ಳಿ ಎಂದು ಬರೆಯುತ್ತಿದ್ದರು. ಬರೆದು, ಕಾಫಿ ಕುಡಿದು, ಸ್ಕೂಟರ್ ಹತ್ತುತ್ತಿದ್ದರು.

"ಹಂಗಾರೆ ಏನಂತೀರಾ ಸಾರ್?" ಅಶ್ವತ್ಥಪ್ಪ ಕೇಳಿದ. "ನಾಳೆ ಅವರು ಬರ್ತಾರೆ."

ಸೀತಾರಾಮಯ್ಯನವರು ಎದ್ದು ಕೂತರು. ಬೆನ್ನಿಗೆ ರಾಗಿ ಹಿಟ್ಟು, ತಲೆಯಲ್ಲಿ ಜೇಡರ ಬಲೆ. "ಗಿರಾಕಿ ನಾನಲ್ಲಪ್ಪ. ಅಲ್ಲಿ ನಿಂತಿದಾರೆ ನೋಡು. ಅವರಿಗೆ ವರದಿ ಓದಿ ಹೇಳ್ತೀನಿ, ತೀರ್ಮಾನ ಅವರದು." ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಲಗಡೆ ಬರೆಯುತ್ತಾ, ಬರೆದದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋದರು. ತೇವಕ್ಕೆ ಹಿತ್ತಲ ಕಡೆ ಪಾಯದ ಉದ್ದಕ್ಕೂ ಚರಂಡಿ ತೆಗೆಸಬೇಕು. ಸಿಮೆಂಟು ಗಾರೆ ಕೆತ್ತಿ ಸುಣ್ಣದ ಗಾರೆ ಮಾಡಿಸಬೇಕು, ಗೋಡೆ ಉಸಿರಾಡಲಿ. ಕಿಟಕಿಯ ಮೇಲೆ ಕಲ್ಲಿನ ಲಿಂಟಲ್ಲು, ಎರಡೂ ಕಡೆ ಒಂಬತ್ತಿಂಚು ಗೋಡೆಯೊಳಗೆ ಕೂರಬೇಕು. ಮೊದಲ ಸಲ ವರದಿ ಒಪ್ಪಿಸುವ ಹೊಸಬನ ಹಾಗೆ ಒಂದೊಂದು ಸಾಲಿಗೂ ತಲೆಯೆತ್ತಿ ಹೆಂಡತಿಯನ್ನು ನೋಡಿದರು. "ಇಷ್ಟು ಮಾಡಿಸಿದರೆ ಇರಬಹುದು ಜಾನಕೀ. ಪೂರ್ತಿ ಗ್ಯಾರಂಟಿ ಕೊಡೋಕೆ ನನಗೆ ಬರಲ್ಲ. ಆದರೆ ಇರಬಹುದು."

ಜಾನಕಮ್ಮ ಬಾಗಿಲು ಬಿಟ್ಟು ಒಳಗೆ ಬಂದರು. ಆಮೇಲೆ ಅಶ್ವತ್ಥಪ್ಪನ ಕಡೆ ತಿರುಗಿ, "ಇವತ್ತಿನ್ನೂ ಆಷಾಢ. ನಾಳೆ ಬೆಳಿಗ್ಗೆ ಏಳಕ್ಕೇ ಬರ್ತೀವಿ ಕಣಪ್ಪಾ. ಅವರು ಮಾಲೂರು ಬಿಡೋಕೆ ಮುಂಚೆ," ಅಂದರು. ಮುನಿಶಾಮಮ್ಮ ಕಾಫಿಗಿಡಲು ಓಡಿದರು.

"ಅಂದಹಾಗೆ," ಜಾನಕಮ್ಮ ಕಿಟಕಿಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತರು, "ಹೇಗೂ ಒಡೆಸ್ತೀರಲ್ಲ, ಇದನ್ನ ಒಂಚೂರು ಕೆಳಗೆ ಇಳಿಸೋಕಾಗುತ್ತಾ? ನಿಂತು ಅಡುಗೆ ಮಾಡೋವಾಗ ನನಗೆ ಏರಿ ಕಾಣಲ್ಲ, ಬರೀ ಆಕಾಶ ಕಾಣುತ್ತೆ."

"ಲಿಂಟಲ್ಲು ಕೊಟ್ಟ ಮೇಲೆ ಎಷ್ಟು ಬೇಕಾದರೂ ಇಳಿಸಬಹುದು. ನೆಟ್ಟಗೆ ನಿಂತ್ಕೋ."

"ಯಾಕೆ?"

"ನಿಂತ್ಕೊಳೇ. ತುದಿಗಾಲು ಬೇಡ. ದಿನಾ ಒಲೆ ಮುಂದೆ ನಿಲ್ಲೋ ಹಾಗೆ."

ಜಾನಕಮ್ಮ ಕಟ್ಟೆಯ ಮುಂದೆ, ಸೌಟು ಹಿಡಿದವರ ಹಾಗೆ ಕೈ ಮಾಡಿಕೊಂಡು ನಿಂತರು. ಸೀತಾರಾಮಯ್ಯನವರು ಟೇಪಿನ ತುದಿಯನ್ನು ನೆಲಕ್ಕೆ ಕಾಲಿಂದ ಒತ್ತಿ ಹಿಡಿದು, ಮೇಲಕ್ಕೆಳೆದು ಅವರ ಭುಜಕ್ಕೆ ತಂದರು. ಸಾವಿರಾರು ಗೋಡೆ ಅಳೆದ ಕೈಗೆ ಹೆಂಡತಿಯ ಭುಜ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

"ಅಲುಗಾಡಬೇಡ," ಅಂದರು.

"ನೀವು ಕಚಗುಳಿ ಇಡಬೇಡಿ. ಅಶ್ವತ್ಥಪ್ಪನವರು ನೋಡ್ತಿದಾರೆ," ಎಂದರು ಜಾನಕಮ್ಮ.

ನಾಲ್ಕು ಅಡಿ ಒಂದಿಂಚು. ಅದಕ್ಕಿಂತ ಒಂದು ಗೇಣು ಕೆಳಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಅಲ್ಲಿಂದ ಕಿಟಕಿ ಶುರುವಾಗಬೇಕೆಂದು ಬಲಗಡೆ ಬರೆದುಕೊಂಡರು.